ಸುಗಂಧರಾಜ: ಗೆಡ್ಡೆ ಆರಿಸುವ ಮುನ್ನ ಬೇರು ನೋಡಿ

ಹಿತ್ತಲಲ್ಲಿ ಹೂವಿಗೆಂದು ಗೆಡ್ಡೆ ನೆಡುವುದಾದರೆ ನಮ್ಮ ಹವೆಗೆ ಸುಗಂಧರಾಜಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಕ್ಯಾಲೆಂಡರಿನ ಚಿತ್ರದಲ್ಲಿ ಕಾಣುವ ಟ್ಯೂಲಿಪ್ಪಿನ ಗೆಡ್ಡೆಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಅದನ್ನು ಕಾಶ್ಮೀರದವರಿಗೇ ಬಿಡೋಣ. ಸುಗಂಧರಾಜವೂ ಮೂಲತಃ ಮೆಕ್ಸಿಕೋ ದೇಶದ್ದೇ. ಆದರೆ ಅದಕ್ಕೆ ನಮ್ಮ ಬಿಸಿಲು ಒಗ್ಗಿದೆ. ಮಾರ್ಚಿಯಿಂದ ಮೇವರೆಗೆ ನೆಟ್ಟರೆ ಮೂರು ನಾಲ್ಕು ತಿಂಗಳಿಗೆ ಹೂವಿನ ಕಡ್ಡಿ ಏಳುತ್ತದೆ.

"ಸೊಪ್ಪು ಸೊಂಪಾಗಿ ಬರುತ್ತದೆ ಸಾರ್, ಹೂವೇ ಇಲ್ಲ" ಎಂಬ ದೂರನ್ನು ಹಳ್ಳಿಗಳಿಗೆ ಹೋದಾಗಲೆಲ್ಲ ಕೇಳುತ್ತೇನೆ. ಗೊಬ್ಬರ ಸಾಲದೆಂದು ಎಲ್ಲರ ಊಹೆ. ಬಹಳ ಸಲ ತಪ್ಪು ಇರುವುದು ಗೆಡ್ಡೆಯಲ್ಲಿ. ಕಡಲೆಕಾಯಿ ಗಾತ್ರದ ಮರಿಗೆಡ್ಡೆ ಮೊದಲ ವರ್ಷ ಎಲೆಯನ್ನಷ್ಟೇ ಕೊಡುತ್ತದೆ. ನಡು ಉಬ್ಬಿ ತುದಿ ಚೂಪಾದ, ಎರಡರಿಂದ ಮೂರು ಸೆಂಟಿಮೀಟರ್ ದಪ್ಪದ, ಒತ್ತಿದರೆ ಗಟ್ಟಿಯಾಗಿರುವ ಗೆಡ್ಡೆಯನ್ನೇ ಆರಿಸಿ. ಮರಿಗಳನ್ನು ಎಸೆಯಬೇಡಿ, ಬೇರೆ ಪಾತಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಬೆಳೆಸಿ. ಕಿತ್ತ ಕೂಡಲೇ ನೆಡುವುದೂ ಸರಿಯಲ್ಲ. ನೆರಳಿನಲ್ಲಿ ಹರಡಿ, ಆಗಾಗ ಮಗುಚುತ್ತ, ನಾಲ್ಕರಿಂದ ಆರು ವಾರ ಆರಲು ಬಿಡಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಮ್ಮಲ್ಲಿ ಗೆಡ್ಡೆಯನ್ನು ಕೊಳ್ಳುವವರು ಕಡಿಮೆ. ನೆಂಟರ ಮನೆಯಿಂದ, ಪಕ್ಕದ ಹಿತ್ತಲಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬರುವುದೇ ವಾಡಿಕೆ. ಗೆಡ್ಡೆಯ ಜೊತೆಗೆ ಒಂದು ಹಿಡಿ ಮಣ್ಣು, ನಾಲ್ಕು ಹಳೆಯ ಬೇರು ಬರುತ್ತವೆ. ಅದರೊಳಗೆ ಬೇರುಗಂಟು ಜಂತುಹುಳು ಇರಬಹುದು. ಅದು ಬರಿಗಣ್ಣಿಗೆ ಕಾಣದು. ಸುಗಂಧರಾಜಕ್ಕೆ ಬರುವ ಈ ಹುಳುವೇ ಟೊಮೇಟೊ, ಬದನೆ, ಬೆಂಡೆಯ ಬೇರಿಗೂ ಬೀಳುತ್ತದೆ. ಹಿತ್ತಲಿನಿಂದ ಗುದ್ದಲಿಗೆ ಅಂಟಿದ ಮಣ್ಣಿನಲ್ಲಿ, ಹರಿಯುವ ನೀರಿನಲ್ಲಿ ತರಕಾರಿ ಹೊಲ ಸೇರಿದರೆ ಅದನ್ನು ಪೂರ್ತಿ ಕಳೆಯುವುದು ಬಹಳ ಕಷ್ಟ. ನಾಲ್ಕು ಮೊಳ ಹೂವಿನ ಆಸೆಗೆ ಅರ್ಧ ಎಕರೆ ಟೊಮೇಟೊ ಕಳೆದುಕೊಂಡಂತಾದೀತು.

ಪರೀಕ್ಷೆ ಸುಲಭ. ಕೊಡುವವರ ಪಾತಿಯಿಂದ ಒಂದು ಗಿಡ ಕಿತ್ತು ಬೇರನ್ನು ನೀರಿನಲ್ಲಿ ತೊಳೆದು ನೋಡಿ. ಬೇರಿನುದ್ದಕ್ಕೂ ಮಣಿ ಪೋಣಿಸಿದಂತೆ ಗಂಟು ಕಂಡರೆ ಆ ಪಾತಿಯ ಗೆಡ್ಡೆ ಬೇಡ. ಕೊಡುವ ಅತ್ತೆಯೋ ಅಕ್ಕನೋ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಬೇರು ಶುಚಿಯಾಗಿದ್ದರೂ ಗೆಡ್ಡೆಯ ಮಣ್ಣು ತೊಳೆದು, ಹಳೆಯ ಬೇರು ಕತ್ತರಿಸಿಯೇ ತನ್ನಿ.

ಹೊಸದಾಗಿ ಕೊಳ್ಳುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿವೆ. ಒಂಟಿ ಸುತ್ತಿನ 'ಶೃಂಗಾರ್' ಬೇರುಗಂಟು ಹುಳುವನ್ನು ಸಾಕಷ್ಟು ತಡೆದುಕೊಳ್ಳುತ್ತದೆ, ಹಿತ್ತಲಿಗೆ ನನ್ನ ಮೊದಲ ಆಯ್ಕೆ ಅದೇ. 'ಪ್ರಜ್ವಲ್' ತಳಿಯ ಮೊಗ್ಗಿಗೆ ತುಸು ಗುಲಾಬಿ ಛಾಯೆ. ಹೂದಾನಿಗೆ ಬೇಕೆಂದರೆ ಹಲವು ಸುತ್ತಿನ 'ಸುವಾಸಿನಿ' ಸೊಗಸು. ಮಾಲೆ ಕಟ್ಟಲು ಒಂಟಿ ಸುತ್ತಿನದೇ ಒಳ್ಳೆಯದು, ಪರಿಮಳವೂ ಹೆಚ್ಚು. ಗೆಡ್ಡೆ ನೋಡಿ ತಳಿ ಗುರುತಿಸಲು ಬಾರದು. ಆದ್ದರಿಂದ ಹೂವಿರುವಾಗಲೇ ಹೋಗಿ ನೋಡಿ, ಬೇಕಾದ ಗಿಡಕ್ಕೆ ದಾರ ಕಟ್ಟಿ ಬನ್ನಿ.

ಜಾಗ ಬಿಸಿಲು ಬೀಳುವಂತಿರಲಿ. ಬಚ್ಚಲ ನೀರು ನಿಲ್ಲುವ ಮೂಲೆಯಲ್ಲಿ ಗೆಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಮಣ್ಣನ್ನು ಆಳವಾಗಿ ಅಗೆದು ಬಿಸಿಲಿಗೆ ಬಿಡಿ. ಚದರ ಮೀಟರಿಗೆ ಎರಡು ಮೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ, ಮಡಿಯನ್ನು ಸ್ವಲ್ಪ ಎತ್ತರಿಸಿ. ಅಡಿಗೊಂದರಂತೆ, ಎರಡು ಅಂಗುಲ ಆಳಕ್ಕೆ, ಚೂಪು ತುದಿ ಮೇಲಾಗಿ ನೆಡಿ. ನೆಡುವ ಮೊದಲೇ ಮಡಿಗೆ ನೀರು ಹಾಯಿಸಿರಬೇಕು. ಆಮೇಲೆ ಮೊಳಕೆ ಕಾಣುವವರೆಗೆ ಕೈ ಬಿಗಿಹಿಡಿಯಿರಿ. ಮಳೆ ಇಲ್ಲದಾಗ ವಾರಕ್ಕೊಮ್ಮೆ ಸಾಕು.

ಈಗಾಗಲೇ ಗಂಟು ಕಂಡ ಪಾತಿ ಇದ್ದರೆ ಗಿಡಗಳನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಒಂದು ಹಂಗಾಮು ಚೆಂಡು ಹೂವು ಒತ್ತಾಗಿ ಬೆಳೆಯಿರಿ. ಅದರ ಬೇರು ಈ ಹುಳುವನ್ನು ಕುಗ್ಗಿಸುತ್ತದೆ, ಹಬ್ಬಕ್ಕೆ ಹೂವೂ ಆಯಿತು. ಸುಗಂಧರಾಜಕ್ಕೆ ಬೇರೆ ಮೂಲೆ ನೋಡಿ. ಮೂರು ವರ್ಷಕ್ಕೊಮ್ಮೆ, ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಬುಡವನ್ನು ಅಗೆದು ಗೆಡ್ಡೆ ಬಿಡಿಸಿ, ಮತ್ತೆ ಬೇರು ತೊಳೆದು ನೋಡಿ.