ಅಂಗಳದ ಕುಂಡಗಳಲ್ಲಿ ಅಡುಗೆಯ ಸೊಪ್ಪು

ಅಡಿಕೆ, ಕಾಫಿ, ಮೆಣಸು ಬೆಳೆದು ಪೇಟೆಗೆ ಕಳುಹಿಸುವ ನಾವು ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ವಾರದ ಸಂತೆಯನ್ನು ಕಾಯುತ್ತೇವೆ. ಆ ಸೊಪ್ಪು ಮನೆ ಸೇರುವಷ್ಟರಲ್ಲಿ ಬಾಡಿರುತ್ತದೆ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೆಂದು ಕೇಳಿದರೆ ಹೇಳುವವರಿಲ್ಲ. ಅಂಗಳದ ಅಂಚಿನಲ್ಲಿ ನಾಲ್ಕೈದು ಕುಂಡಗಳಿದ್ದರೆ ತಂಬುಳಿಗೂ ಒಗ್ಗರಣೆಗೂ ಬೇಕಾದ ಎಲೆ ಆಗಲೇ ಕೊಯ್ದು ತರಬಹುದು.

ಆದರೆ ಸಿಕ್ಕಿದ್ದನ್ನೆಲ್ಲ ಒಂದೇ ಕುಂಡದಲ್ಲಿ ನೆಟ್ಟರೆ ಒಂದು ಕೊಳೆಯುತ್ತದೆ, ಇನ್ನೊಂದು ಒಣಗುತ್ತದೆ. ಜೊತೆ ಕೂಡಿಸುವಾಗ ಮೊದಲು ನೋಡಬೇಕಾದದ್ದು ನೀರು. ಒಂದೇ ಪ್ರಮಾಣದ ನೀರು ಬೇಡುವ ಗಿಡಗಳು ಒಂದೇ ಕುಂಡದಲ್ಲಿರಲಿ.

ಕರಿಬೇವು ಮತ್ತು ದೊಡ್ಡಪತ್ರೆ ಒಳ್ಳೆಯ ಜೋಡಿ. ಎರಡಕ್ಕೂ ಬಿಸಿಲು ಬೇಕು, ಬುಡ ನೆನೆದಿರುವುದು ಎರಡಕ್ಕೂ ಆಗದು. ದೊಡ್ಡ ಕುಂಡದ ನಡುವೆ ಕರಿಬೇವು ನೆಟ್ಟು, ಅಂಚಿಗೆ ದೊಡ್ಡಪತ್ರೆಯ ತುಂಡು ಊರಿದರೆ ಸಾಕು. ಮೇಲ್ಮಣ್ಣು ಒಣಗಿದ ಮೇಲೆ ನೀರು ಕೊಡಿ.

ಒಂದೆಲಗ ಮತ್ತು ಪುದೀನ ತಂಪು ಬಯಸುವವು. ಅರೆನೆರಳಿನಲ್ಲಿ, ಸದಾ ತೇವವಿರುವಂತೆ ಇಡಬೇಕು. ಪುದೀನ ಬೇರುಬಳ್ಳಿ ಹಬ್ಬಿಸಿ ಒಂದೆಲಗವನ್ನು ಮುಚ್ಚಿಬಿಡುವುದರಿಂದ, ಅದನ್ನು ತಳದಲ್ಲಿ ತೂತಿರುವ ಸಣ್ಣ ಕುಂಡದಲ್ಲಿ ನೆಟ್ಟು, ಆ ಕುಂಡವನ್ನೇ ದೊಡ್ಡದರೊಳಗೆ ಹುಗಿಯಿರಿ.

ಮೆಂತ್ಯ, ಕೊತ್ತಂಬರಿ ಮಳೆ ನಿಂತ ಮೇಲಿನ ಬೆಳೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು. ಕಿತ್ತು ನೆಟ್ಟರೆ ಅದು ಸರಿಯಾಗಿ ಏಳುವುದಿಲ್ಲ. ಮೆಂತ್ಯ ಬೇಗ ಮೊಳೆತು ಸುಮಾರು 25-30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅದನ್ನು ಕಿತ್ತ ಜಾಗದಲ್ಲಿ ಕೊತ್ತಂಬರಿ ಹರಡಿಕೊಳ್ಳುತ್ತದೆ. 15 ದಿನಗಳಿಗೊಮ್ಮೆ ಇನ್ನೊಂದು ಕುಂಡಕ್ಕೆ ಬಿತ್ತುತ್ತಾ ಹೋದರೆ ಸೊಪ್ಪು ತಪ್ಪುವುದಿಲ್ಲ. ಮಜ್ಜಿಗೆ ಹುಲ್ಲಿಗೆ ಮಾತ್ರ ಜೊತೆ ಬೇಡ. ಅದರ ಬೇರು ಕುಂಡವನ್ನೆಲ್ಲ ತುಂಬಿಬಿಡುತ್ತದೆ.

ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿದರೆ ಸಾಕು. ಕಾಫಿ ಹಣ್ಣಿನ ಹಸಿ ಸಿಪ್ಪೆಯನ್ನು ಹಾಗೆಯೇ ಹಾಕದೆ ಗೊಬ್ಬರವಾದ ಮೇಲೆಯೇ ಬಳಸಿ. ತಳದ ತೂತಿನ ಮೇಲೆ ಒಡೆದ ಹೆಂಚಿನ ಚೂರಿಟ್ಟು, ಕುಂಡವನ್ನು ಎರಡು ಕಲ್ಲುಗಳ ಮೇಲೆ ಕೂರಿಸಿ. ಮಳೆಗಾಲದಲ್ಲಿ ಕರಿಬೇವಿನ ಕುಂಡವನ್ನು ಮಾಡಿನ ಕೆಳಗೆ ಸರಿಸಬೇಕು. ಸೂರಿನ ನೀರು ಬೀಳುವ ಜಾಗ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮಲ್ಲಿ ಅನೇಕರ ಮನೆ ತೋಟಕ್ಕೆ ತಾಗಿಕೊಂಡೇ ಇದೆ. ಕೊಳೆರೋಗಕ್ಕೆಂದು ಮುಂಗಾರಿಗೆ ಮೊದಲೊಮ್ಮೆ, ಅನಂತರ 40-45 ದಿನಕ್ಕೆ ಮತ್ತೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮಳೆಗೆ ತೊಳೆದು ಹೋಗದೆ ಅಂಟಿಕೊಳ್ಳುವುದೇ ಅದರ ಗುಣ. ಗಾಳಿಗೆ ತೇಲಿ ಬಂದು ಒಂದೆಲಗದ ಮೇಲೆ ಬಿದ್ದರೂ ಹಾಗೆಯೇ ಅಂಟಿಕೊಳ್ಳುತ್ತದೆ. ತಂಬುಳಿಗೆ ಹಸಿಯಾಗಿ ಅರೆಯುವ ಎಲೆ ಅದು, ಮನೆಯ ಮಕ್ಕಳು ಉಣ್ಣುವುದು. ಆದ್ದರಿಂದ ಕುಂಡಗಳ ಜಾಗ ತೋಟದ ಕಡೆ ಬೇಡ, ಮನೆಯ ಇನ್ನೊಂದು ಮಗ್ಗುಲಿಗಿರಲಿ. ಔಷಧಿ ಹೊಡೆಯುವ ದಿನ ಅವನ್ನು ಒಳಗಿಡಿ. ಎಲೆಯ ಮೇಲೆ ನೀಲಿ ಕಲೆ ಕಂಡರೆ ಆ ಎಲೆಗಳನ್ನು ಕಿತ್ತೆಸೆದು ಹೊಸ ಚಿಗುರಿಗೆ ಕಾಯಿರಿ.

ಮೈಲುತುತ್ತ ಕಲಸಿದ ಡ್ರಮ್ಮನ್ನಾಗಲಿ, ಕೀಟನಾಶಕದ ಡಬ್ಬಿಯನ್ನಾಗಲಿ ಕತ್ತರಿಸಿ ಕುಂಡ ಮಾಡಲೇಬಾರದು. ಕಾಯಿಕೊರಕಕ್ಕೆ ಹಿಂದೆ ಬಳಸುತ್ತಿದ್ದ ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಆ ಕಾಲದ ಡಬ್ಬಿಗಳು ಇಂದಿಗೂ ಅಟ್ಟದಲ್ಲಿದ್ದರೆ ಎಷ್ಟು ತೊಳೆದರೂ ಅವು ಅಡುಗೆಯ ಗಿಡಕ್ಕೆ ಯೋಗ್ಯವಲ್ಲ. ಮಣ್ಣಿನ ಕುಂಡ, ಒಡಕು ಕೊಡ, ಅಡುಗೆ ಎಣ್ಣೆಯ ಡಬ್ಬಿ ಧಾರಾಳವಾಗಿ ಆದೀತು.

ಸದಸ್ಯ ಬಾಂಧವರು ಈ ಮಳೆಗಾಲ ಮುಗಿಯುತ್ತಲೇ ಎರಡು ಕುಂಡಗಳಿಂದ ಆರಂಭಿಸಿ, ತಮ್ಮ ಅನುಭವವನ್ನು ಸಂಘಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.