ತೋಟದ ಮನೆಗೆ ಎಂತಹ ಕೋವಿ?

ಅಮೆರಿಕದ ದನಗಾಹಿ ಸವಾರರ ಚಲನಚಿತ್ರಗಳನ್ನು ನೋಡಿದವರಿಗೆ ಆ ಕೋವಿಯ ಪರಿಚಯ ಇದ್ದೇ ಇರುತ್ತದೆ. ಕಥಾನಾಯಕನು ಓಡುವ ಕುದುರೆಯ ಮೇಲಿನಿಂದಲೇ ಒಂದು ಗುಂಡು ಹಾರಿಸುತ್ತಾನೆ. ಟ್ರಿಗರಿನ ಸುತ್ತ ಬಳಸಿಕೊಂಡಿರುವ ಕಬ್ಬಿಣದ ಕುಣಿಕೆಯನ್ನು ಬೆರಳುಗಳಿಂದಲೇ ಕೆಳಕ್ಕೆ ತಳ್ಳಿ ಮೇಲಕ್ಕೆಳೆಯುತ್ತಾನೆ. ಬರಿದಾದ ತೋಟೆ ಹೊರಕ್ಕೆ ಚಿಮ್ಮುತ್ತದೆ, ಹೊಸತು ಒಳಸೇರುತ್ತದೆ, ಮತ್ತೆ ಢಂ! ಖಳನಾಯಕರು ಒಬ್ಬೊಬ್ಬರಾಗಿ ಉರುಳುತ್ತಾರೆ.

ಇದು ಸನ್ನೆಯಿಂದ ಕೆಲಸ ಮಾಡುವ ರೈಫಲು. 1860ರ ಹೆನ್ರಿ ರೈಫಲಿನಲ್ಲಿ ಹೆಸರು ಪಡೆದು, 1873ರ ವಿಂಚೆಸ್ಟರಿನಲ್ಲಿ ಮನೆಮಾತಾಗಿ, ಜಾನ್ ಬ್ರೌನಿಂಗ್ ಎಂಬ ಚತುರನು ರೂಪಿಸಿದ 1894ರ ಮಾದರಿಯಲ್ಲಿ ಪಕ್ವತೆಗೆ ಬಂದ ಯಂತ್ರವಿದು. ನಳಿಗೆಯ ಅಡಿಯಲ್ಲಿ ಇನ್ನೊಂದು ಕೊಳವೆ. ಅದರೊಳಗೆ ತೋಟೆಗಳು ಇರುವೆಯ ಸಾಲಿನಂತೆ ಒಂದರ ಹಿಂದೊಂದು. ಹಿಂದಿನ ತೋಟೆಯ ಮೂತಿಯು ಮುಂದಿನದರ ಬೆನ್ನಿಗೆ, ಸಿಡಿಯುವ ಕೇಪು ಇರುವಲ್ಲಿಗೇ, ಒತ್ತಿಕೊಂಡಿರುವುದರಿಂದ ಅದಕ್ಕೆ ಚೂಪು ಗುಂಡು ತುಂಬಿದರೆ ಕೊಳವೆಯೊಳಗೇ ಅನಾಹುತವಾದೀತು. ಆದ್ದರಿಂದ ಮೊಂಡು ಮೂತಿಯ ಗುಂಡುಗಳೇ ಅದರ ಸಂಪ್ರದಾಯ.

ಪುತ್ತೂರು, ಸುಳ್ಯ, ಕಡಬದ ಕಡೆ ತೋಟವುಳ್ಳ ಮನೆತನಗಳ ಮಕ್ಕಳು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಉದ್ಯೋಗದಲ್ಲಿರುವುದು ಸಾಮಾನ್ಯ. ರಜೆಯಲ್ಲಿ ಊರಿಗೆ ಹೋದಾಗ, ರಾತ್ರಿ ಬೆಳಗಾಗುವುದರೊಳಗೆ ಹಂದಿಗಳು ಉತ್ತುಹಾಕಿದ ಅಡಿಕೆ ಸಸಿಗಳ ಸಾಲನ್ನು ಕಂಡು, “ಅಪ್ಪಾ, ಅಂಥದ್ದೊಂದು ರೈಫಲು ತೆಗೆದುಕೊಂಡರೆ ಏನು?” ಎಂದು ಕೇಳುವುದೂ ಅಷ್ಟೇ ಸಾಮಾನ್ಯ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಉತ್ತರ ಹೇಳಬೇಕಾದವನು ಕೋವಿ ಮಾರುವವನಲ್ಲ. ತೋಟದ ಆಚೆ ಬದಿಯ ಮನೆಯವನು.

ಈ ಸೀಮೆಗೂ ಕೋವಿಗೂ ನಂಟು ಹಳೆಯದು. ತುಳುವಿನಲ್ಲಿ ಕೋವಿಗೆ ಬೆಡಿ ಎಂದು ಹೆಸರು. ಏಪ್ರಿಲ್ ತಿಂಗಳಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯಲ್ಲಿ ಆಗುವ ಸಿಡಿಮದ್ದಿನ ಸಂಭ್ರಮಕ್ಕೂ “ಪುತ್ತೂರು ಬೆಡಿ” ಎಂದೇ ಪ್ರಸಿದ್ಧಿ. ಸುಳ್ಯದ ಸೀಮೆ ಒಮ್ಮೆ ಕೊಡಗಿನ ಅರಸರ ಆಡಳಿತದಲ್ಲಿತ್ತು. 1834ರಲ್ಲಿ ಕಂಪನಿ ಸರಕಾರವು ಕೊಡಗನ್ನು ವಶಪಡಿಸಿಕೊಂಡು ಇದನ್ನು ಕೆನರಾಕ್ಕೆ ಸೇರಿಸಿತು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಇಲ್ಲಿಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಆ ಗಡಿಯ ಗೆರೆ ಇಂದಿಗೂ ಒಂದು ವಿಚಿತ್ರವನ್ನು ಉಳಿಸಿಕೊಂಡಿದೆ. ಸಂಪಾಜೆಯ ಆಚೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯುಂಟು. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಘಟ್ಟದ ಈಚೆಯ ಸುಳ್ಯದವನಿಗೆ, ಅದೇ ಹಂದಿ ರಾತ್ರಿ ಹೊಳೆ ದಾಟಿ ಬಂದರೂ, ಆ ಸೌಲಭ್ಯವಿಲ್ಲ. ಅವನು ಅರ್ಜಿ ಬರೆಯಲೇಬೇಕು.

ಅರ್ಜಿಯ ಮಾತು ಬಂದುದರಿಂದ ಕಾನೂನನ್ನು ಮೊದಲು ಮುಗಿಸೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆ ರಕ್ಷಣೆಗಾಗಿ ಮೊದಲು ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು, ಎಂದರೆ ನಮ್ಮ ಹಿರಿಯರ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯುಳ್ಳ, ಒಳಮೈ ನುಣುಪಾದ ಬೇರೆ ಕೋವಿಗೆ ಅನುಮತಿ ಕೊಡಬಹುದು. ನುಣುಪು ಎಂಬ ಮಾತು ಮುಖ್ಯ. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಹುದೂರಕ್ಕೆ ನೇರವಾಗಿ ಕಳುಹಿಸುತ್ತವೆ. ಬೆಳೆ ಕಾಯುವವನಿಗೆ ಕಾಯಿದೆಯು ಅದನ್ನು ಉದ್ದೇಶಿಸಿಯೇ ಇಲ್ಲ. ಸರಕಾರಿ ಕಾರ್ಖಾನೆಯ .315 ರೈಫಲನ್ನು ಪ್ರತ್ಯೇಕ ಕಾರಣ ತೋರಿಸಿ ಪಡೆದವರುಂಟು. ಸನ್ನೆಯ ರೈಫಲಾದರೋ 1980ರ ದಶಕದಲ್ಲಿ ವಿದೇಶಿ ಕೋವಿಗಳ ಆಮದು ಬಿಗಿಯಾದಂದಿನಿಂದ ನಮ್ಮ ಅಂಗಡಿಗಳಲ್ಲಿ ಅಪರೂಪದ ವಸ್ತು. ಅದಕ್ಕೆ ತೋಟೆ ಹೊಂದಿಸುವುದು ಇನ್ನೂ ಪ್ರಯಾಸ. ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ, ಜಮೀನಿನ ಪಹಣಿ, ಪೊಲೀಸ್ ವರದಿ ಇತ್ಯಾದಿ ಪ್ರದಕ್ಷಿಣೆಯ ಜತೆಗೆ 2016ರ ನಿಯಮಗಳು ಸುರಕ್ಷತೆಯ ತರಬೇತಿಯನ್ನೂ ಕೇಳುತ್ತವೆ. ಈ ಒಂದು ಬೇಡಿಕೆಗೆ ಯಾರೂ ಗೊಣಗಬಾರದು.

ಇನ್ನು ಆಚೆ ಬದಿಯ ಮನೆಯವನ ವಿಷಯ. ಬಯಲುಸೀಮೆಯ ಓದುಗರಿಗೆ ಈ ಊರುಗಳ ರಚನೆಯನ್ನು ಹೇಳದಿದ್ದರೆ ತಿಳಿಯಲಾರದು. ಇಲ್ಲಿ ಹತ್ತು ಮನೆ ಸೇರಿದ ಬೀದಿಯೆಂಬುದು ವಿರಳ. ಪ್ರತಿಯೊಂದು ಮನೆಯೂ ತನ್ನ ತೋಟದ ತಲೆಯಲ್ಲಿ ಪ್ರತ್ಯೇಕವಾಗಿ ಕುಳಿತಿರುತ್ತದೆ. ಕೆಳಗೆ ತೋಡು, ನಡುವೆ ಅಡಿಕೆ, ಮೇಲೆ ಗುಡ್ಡೆ. ಆ ಗುಡ್ಡೆಯ ಹಿಂದೆ ಮತ್ತೊಂದು ತೋಟ, ಮತ್ತೊಂದು ಮನೆ. ಕಣ್ಣಿಗೆ ಬರೀ ಹಸಿರು. ಆದರೆ ಆ ಹಸಿರಿನೊಳಗೆ ಎಲ್ಲೆಲ್ಲಿಯೂ ಜನರಿದ್ದಾರೆ. ಮರದ ಮೇಲೆಯೂ ಇದ್ದಾರೆ! ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು, ಕೊಯ್ಲಿನ ಕಾಲದಲ್ಲಿ ಗೊನೆ ಇಳಿಸುವವರು ಅಡಿಕೆ ಮರದ ನೆತ್ತಿಯಲ್ಲಿಯೇ ದಿನ ಕಳೆಯುತ್ತಾರೆ. (ದ್ರಾವಣ ಸಿಂಪಡಿಸುವುದಕ್ಕೆ ಇಲ್ಲಿ “ಮದ್ದು ಬಿಡುವುದು” ಎನ್ನುತ್ತಾರೆ, ಕೋವಿಗೆ ತುಂಬುವುದೂ ಮದ್ದೇ. ಎರಡು ಮದ್ದುಗಳೂ ಒಂದೇ ಹೊತ್ತಿನಲ್ಲಿ ಒಂದೇ ತೋಟದಲ್ಲಿ ಇರಕೂಡದು.)

ಇಂತಹ ನಾಡಿನಲ್ಲಿ ರೈಫಲಿನ ಗುಂಡು ಎಲ್ಲಿಗೆ ಹೋಗುತ್ತದೆ? ಗುರಿ ತಪ್ಪಿ ಏರುಮುಖವಾಗಿ ಹೊರಟರೆ ಎರಡು ಮೂರು ಕಿಲೋಮೀಟರು ಸಾಗಬಲ್ಲುದು. ಹಂದಿಯನ್ನು ಭೇದಿಸಿಕೊಂಡು ಹೋದರೂ ಅದರ ಶಕ್ತಿ ಮುಗಿದಿರುವುದಿಲ್ಲ. ಮುರಕಲ್ಲಿನ ಪಾರೆಗೆ ಓರೆಯಾಗಿ ತಾಗಿದರೆ ಪುಟಿದು ಎತ್ತ ತಿರುಗೀತೆಂದು ಹೇಳುವವರಿಲ್ಲ. 12 ಬೋರಿನ ಕೋವಿಯಲ್ಲಿ ಸಣ್ಣ ಚರೆ ಹಾಕಿದರೆ ಇನ್ನೂರು ಮೀಟರಿನ ಸುಮಾರಿಗೆ ಉದುರಿಬೀಳುತ್ತದೆ. ಹಂದಿಗೆ ಬಳಸುವ ಎಲ್.ಜಿ., ಎಸ್.ಜಿ. ಎಂಬ ದಪ್ಪ ಚರೆಗಳು ಆರುನೂರು ಮೀಟರು ದಾಟಬಹುದು. ಆದರೆ ಅವು ನೆಚ್ಚಿಕೆಯಿಂದ ಕೆಲಸ ಮಾಡುವುದು ಮೂವತ್ತು ನಲವತ್ತು ಹೆಜ್ಜೆಯೊಳಗೆ ಮಾತ್ರ. ದೂರ ಹೊಡೆಯಲಾರದೆಂಬ ಈ ಕೊರತೆಯೇ ನಮ್ಮ ತೋಟಗಳ ಮಟ್ಟಿಗೆ ಕೋವಿಯ ದೊಡ್ಡ ಗುಣ. ಅಮೆರಿಕದ ಬಯಲಿನಲ್ಲಿ ಯಾವುದು ಹೆಮ್ಮೆಯೋ ಅದು ಬೆಳ್ಳಾರೆಯ ಕಣಿವೆಯಲ್ಲಿ ಅಪಾಯ. ರಾತ್ರಿ ಪೊದೆ ಅಲುಗಿದುದನ್ನೇ ಹಂದಿಯೆಂದು ಬಗೆದು ಹೊಡೆದು, ಜತೆಗಾರನನ್ನೇ ಕಳೆದುಕೊಂಡ ಕಥೆಗಳು ಘಟ್ಟದ ಊರೂರಿನಲ್ಲಿಯೂ ಉಂಟು. ಹತ್ತು ಗುಂಡುಗಳನ್ನು ಒಂದರ ಹಿಂದೊಂದು ಸುರಿಸಬಲ್ಲ ಆಯುಧವು ಅಂತಹ ಗಳಿಗೆಯಲ್ಲಿ ಯಾರ ಕೈಯಲ್ಲಿಯೂ ಇಲ್ಲದಿರುವುದೇ ಲೇಸು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕೇಪಿನ ಕೋವಿಯು ಅಗ್ಗ, ಸರಳ. ಮದ್ದು, ನಾರು, ಚರೆಗಳನ್ನು ಕ್ರಮವಾಗಿ ಗಜದಿಂದ ಗಿಡಿದು, ಕೇಪು ಇಟ್ಟು ಹೊಡೆಯಬೇಕು. ಆದರೆ ನಮ್ಮ ಆಷಾಢದ ಮಳೆಗೆ ಮದ್ದು ಥಂಡಿ ಹಿಡಿಯುತ್ತದೆ. ಅದಕ್ಕಿಂತ ಕೆಟ್ಟುದೆಂದರೆ, ತುಂಬಿಟ್ಟ ಕೋವಿ ನೋಡುವುದಕ್ಕೆ ಬರಿದಾದ ಕೋವಿಯಂತೆಯೇ ಇರುತ್ತದೆ. ತುಂಬಿದುದನ್ನು ಮರೆತು ಮತ್ತೊಮ್ಮೆ ತುಂಬಿ ನಳಿಗೆ ಸೀಳಿಸಿಕೊಂಡವರುಂಟು. ತೋಟೆ ಕೋವಿಯಲ್ಲಿ ಈ ಭಯವಿಲ್ಲ; ನಳಿಗೆಯನ್ನು ಮುರಿದು ಬಗ್ಗಿಸಿದರೆ ಒಳಗೇನಿದೆಯೆಂಬುದು ಕಣ್ಣಿಗೇ ಕಾಣುತ್ತದೆ.

ತೋಟೆ ಕೋವಿಯಲ್ಲಿ 12 ಬೋರನ್ನೇ ಆರಿಸಬೇಕು. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಉಂಡೆ ಕಟ್ಟಿದರೆ ಒಂದು ಉಂಡೆಯ ಅಡ್ಡಳತೆ ಎಷ್ಟೋ ಅಷ್ಟು ಅದರ ಬಾಯಿ, ಸುಮಾರು ಹದಿನೆಂಟೂವರೆ ಮಿಲಿಮೀಟರು. ಪುಣೆಯ ಬಳಿಯ ಖಡ್ಕಿಯಲ್ಲಿ ಇದರ ತೋಟೆ ತಯಾರಾಗುತ್ತದೆ. ಬೇರೆ ಬೋರಿನವಕ್ಕಿಂತ ಸುಲಭವಾಗಿ ದೊರೆಯುವುದೂ ಇದೇ. ಒಂಟಿ ನಳಿಗೆಯೋ ಜೋಡು ನಳಿಗೆಯೋ ಎಂಬುದರ ಮೇಲೆ ಜಗಲಿಗಳಲ್ಲಿ ನಡೆದಿರುವ ಚರ್ಚೆಗೆ ಲೆಕ್ಕವಿಲ್ಲ. ಜೋಡು ನಳಿಗೆಯಲ್ಲಿ ಒಂದು ತೋಟೆ ಠುಸ್ಸೆಂದರೆ ಇನ್ನೊಂದು ಸಿದ್ಧವಿರುತ್ತದೆ. ಗಾಯಗೊಂಡು ತಿರುಗಿ ಬರುವ ಸಲಗನ ಎದುರಿಗೆ ಆ ಎರಡನೆಯ ತೋಟೆಗೆ ಬೆಲೆ ಕಟ್ಟಲಾಗದು. ಆದರೂ ಅರುವತ್ತು ದಾಟಿದ ಯಜಮಾನರು ಏರುತಗ್ಗಿನಲ್ಲಿ ಹೊತ್ತು ತಿರುಗುವುದಕ್ಕೆ ಒಂಟಿ ನಳಿಗೆಯೇ ಹಗುರ. ನನ್ನ ಮತ ಒಂಟಿ ನಳಿಗೆಯ ಕಡೆಗೆ. ಒಂದೇ ತೋಟೆಯಿದೆಯೆಂದು ತಿಳಿದವನು ನೋಡಿ ಹೊಡೆಯುತ್ತಾನೆ.

ಹಳೆಯ ಕೋವಿಯನ್ನು ಕೊಳ್ಳುವವರು ಅಥವಾ ಅಟ್ಟದಿಂದ ಅಜ್ಜನ ಕೋವಿಯನ್ನು ಇಳಿಸುವವರು ವಿಶೇಷ ಎಚ್ಚರ ವಹಿಸಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿರಿ. ಕನ್ನಡಿಯಂತಿರಬೇಕು, ಸಿಡುಬಿನ ಕಲೆಯಂತಹ ತುಕ್ಕಿನ ಗುಳಿಗಳಿದ್ದರೆ ಬೇಡ. ನಳಿಗೆಯನ್ನೂ ಮರದ ಹಿಡಿಯನ್ನೂ ಎರಡು ಕೈಗಳಲ್ಲಿ ಹಿಡಿದು ಅಲುಗಿಸಿರಿ. ಕೀಲಿನಲ್ಲಿ ಲಟಲಟ ಸದ್ದು ಬಂದರೆ ಬೇಡ. ನಳಿಗೆಯ ಹೊರಮೈಯಲ್ಲಿ ಹಾವಿನ ಚರ್ಮದಂತಹ ಅಂದವಾದ ಸುರುಳಿ ಚಿತ್ತಾರ ಕಂಡರೆ ಬೆರಗಾಗಿರಿ, ಆದರೆ ಹೊಡೆಯಬೇಡಿರಿ. ಉಕ್ಕು-ಕಬ್ಬಿಣಗಳ ಪಟ್ಟಿಯನ್ನು ಹೆಣೆದು ಮಾಡಿದ ಆ ನಳಿಗೆಗಳು ಕರಿಮದ್ದಿನ ಕಾಲದವು. ಇಂದಿನ ತೋಟೆಯ ಒತ್ತಡವನ್ನು ತಾಳಲಾರವು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎರಡೂವರೆ ಅಂಗುಲದ ತೋಟೆಗೆ ಮಾತ್ರ ಸ್ಥಳವಿರುವುದುಂಟು. ಎರಡೂಮುಕ್ಕಾಲು ಅಂಗುಲದ ಈಗಿನ ತೋಟೆ ಅದರೊಳಗೆ ಸಲೀಸಾಗಿ ಹೋಗಿ ಕುಳಿತುಕೊಳ್ಳುತ್ತದೆ, ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡವೇರುತ್ತದೆ. ಕಡೆಯದಾಗಿ ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೆ ತಂದು ಕಣ್ಣು ತೆರೆಯಿರಿ. ದೃಷ್ಟಿಯು ನಳಿಗೆಯ ನೇರಕ್ಕೇ ಇದ್ದರೆ ಕೋವಿ ನಿಮ್ಮ ಮೈಯಳತೆಗೆ ಹೊಂದಿತೆಂದು ಅರ್ಥ. ಅಜ್ಜನದೆಂಬ ಮಾತ್ರಕ್ಕೆ ಅದು ಮೊಮ್ಮಗನದಾಗದೆಂಬುದೂ ನೆನಪಿರಲಿ. ಲೈಸೆನ್ಸುದಾರರು ತೀರಿಕೊಂಡರೆ ಕೋವಿಯನ್ನು ಪೊಲೀಸ್ ಠಾಣೆಗೋ ಲೈಸೆನ್ಸು ಪಡೆದ ವ್ಯಾಪಾರಿಗೋ ಒಪ್ಪಿಸಿ, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು.

ಇಷ್ಟೆಲ್ಲ ಆಗಿ ಕೋವಿ ಮನೆಗೆ ಬಂದ ಮೇಲೆ ಯಾವುದನ್ನು ಹೊಡೆಯಬಹುದು? ಅನುಮತಿಯಿಲ್ಲದೆ ಯಾವ ಕಾಡುಪ್ರಾಣಿಯನ್ನೂ ಅಲ್ಲ! ಕೋವಿಯ ಲೈಸೆನ್ಸು ಬೇರೆ, ಬೇಟೆಯ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೆಳೆ ಹಾಳುಮಾಡುವ ಹಂದಿಯ ವಿಷಯದಲ್ಲಿಯೂ ಅರಣ್ಯ ಇಲಾಖೆಯ ಅಧಿಕಾರಿಯಿಂದ ಲಿಖಿತ ಅಪ್ಪಣೆ ಬೇಕು. ನವಿಲು, ಕಾಟಿ, ಆನೆಗಳ ಕಡೆಗೆ ನಳಿಗೆ ತಿರುಗಿಸುವ ಮಾತೇ ಇಲ್ಲ. ಎಳನೀರನ್ನು ಕೊರೆದು ಚೆಲ್ಲುವ ಮಂಗನೂ ಅದೇ ರಕ್ಷಣೆಯಲ್ಲಿದ್ದಾನೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಬಲಿ ತೆಗೆದುಕೊಂಡಾಗ ಆ ಸೀಮೆಯ ಜನರ ಸಂಕಟ, ಸಿಟ್ಟು ಎರಡೂ ನ್ಯಾಯವಾದುವೇ. ಆದರೆ ಚರೆಯ ಕೋವಿ ಆನೆಗೆ ಆಯುಧವೇ ಅಲ್ಲ. ನೋವುಂಡ ಆನೆ ನಾಳೆ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. ಆಗ ಆನೆಯನ್ನು ಹಿಡಿದು ಸಾಗಿಸಿದ್ದು ಅರವಳಿಕೆ ಮದ್ದು ಮತ್ತು ಸಾಕಾನೆಗಳ ನೆರವಿನಿಂದ.

ಆದ್ದರಿಂದ ವರ್ಷದ ಹೆಚ್ಚು ದಿನಗಳಲ್ಲಿ ತೋಟದ ಕೋವಿಯು ಮಾಡುವ ಕೆಲಸ ಸದ್ದು. ಅದಕ್ಕೆ ಗರ್ನಾಲೂ ಸಾಕು ಎನ್ನುವವರಿದ್ದಾರೆ. ನಿಜ, ಆದರೆ ಒಂಟಿ ಮನೆಯಲ್ಲಿ ವೃದ್ಧ ದಂಪತಿಗಳು ಮಾತ್ರ ಉಳಿದಿರುವಾಗ ಗೋಡೆಯ ಬಳಿ ಒಂದು ಕೋವಿ ಇದೆಯೆಂಬ ಧೈರ್ಯವನ್ನು ಗರ್ನಾಲು ಕೊಡಲಾರದು. ಚುನಾವಣೆ ಬಂದಾಗಲಂತೂ ಆ ಧೈರ್ಯವೂ ಠಾಣೆ ಸೇರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆಯು ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು; ಮತದಾನವು ಈ ಜಿಲ್ಲೆಯಲ್ಲಿ ಏಪ್ರಿಲ್ 26ಕ್ಕೇ ಮುಗಿದಿತ್ತು. ಹಂದಿಗಳಿಗೆ ನೀತಿಸಂಹಿತೆ ತಿಳಿಯದು. ಯಾರ ಕೋವಿಯನ್ನು ಪಡೆಯಬೇಕೆಂಬುದನ್ನು ಪರಿಶೀಲನಾ ಸಮಿತಿಯು ಒಬ್ಬೊಬ್ಬರ ವಿಷಯದಲ್ಲಿ ವಿಚಾರಿಸಿ ನಿರ್ಣಯಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇರುವಾಗ, ನಿರುಪದ್ರವಿ ಕೃಷಿಕರೆಲ್ಲರೂ ಸಾಲು ನಿಲ್ಲಬೇಕಾಗುವುದು ಉಚಿತವಲ್ಲವೆಂದೇ ನನ್ನ ಅಭಿಪ್ರಾಯ.

ಒಪ್ಪಿಸಲೇಬೇಕಾದರೆ ನಳಿಗೆಯ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಸವರಿ, ಬಟ್ಟೆಯ ಚೀಲಕ್ಕೆ ಹಾಕಿ, ಚೀಲದ ಮೇಲೆ ಹೆಸರು ಹೊಲಿದು ಕೊಡಿರಿ. ಕೋವಿಯ ನಂಬರು ನಮೂದಾಗಿರುವ ರಶೀದಿಯನ್ನು ಪಡೆಯಿರಿ. ಮರಳಿ ತರುವ ಹೊತ್ತಿಗೆ ಮಳೆಗಾಲ ಹಿಡಿದಿರುತ್ತದೆ. ಒಣಬಟ್ಟೆಯಿಂದ ಒರೆಸಿ ಮತ್ತೊಮ್ಮೆ ಎಣ್ಣೆ ಹಾಕಿ, ಕೋವಿಯನ್ನು ಒಂದು ಕಪಾಟಿನಲ್ಲಿ, ತೋಟೆಗಳನ್ನು ಇನ್ನೊಂದರಲ್ಲಿ ಇಟ್ಟು ಬೀಗ ಹಾಕಿರಿ. ಬೀಗದ ಕೈಯನ್ನು ದೇವರ ಮನೆಯ ಗೂಡಿನಲ್ಲಿಡುವುದು ಹಲವು ಮನೆಗಳ ರೂಢಿ. ರಜೆಗೆ ಬಂದ ಮೊಮ್ಮಕ್ಕಳು ಮೊದಲು ಹುಡುಕುವುದು ಅಲ್ಲಿಯೇ.