ಮಕ್ಕಳ ಮೊಕದ್ದಮೆಯಲ್ಲಿ ಸಾಕ್ಷಿಯ ಮಾತು

“ಇಲ್ಲಿ ಸೋತರೇನು, ಮೇಲಿನ ಕೋರ್ಟಿನಲ್ಲಿ ಎಲ್ಲವನ್ನೂ ಹೇಳೋಣ” ಎಂಬ ಮಾತನ್ನು ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಿಂದ ಆಗಾಗ ಕೇಳುತ್ತೇವೆ. ಹುಡುಗರ ಮೇಲೆ ದೂರು ಬಂದಾಗಲಂತೂ ತಂದೆತಾಯಿಗಳು ಇದೇ ಭರವಸೆಯಿಂದ ಸುಮ್ಮನಿರುವುದುಂಟು. ಈ ಭರವಸೆ ಅರ್ಧ ಸರಿ, ಅರ್ಧ ತಪ್ಪು. ಅದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

18 ವರ್ಷ ತುಂಬದವರ ಮೇಲಿನ ಆರೋಪವನ್ನು 2015ರ ಬಾಲ ನ್ಯಾಯ ಕಾಯಿದೆಯಂತೆ ಬಾಲ ನ್ಯಾಯ ಮಂಡಳಿಯು ವಿಚಾರಿಸುತ್ತದೆ. ಅದರಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರತಕ್ಕದ್ದು. ಮಂಡಳಿಯ ಆಜ್ಞೆಯಿಂದ ನೊಂದವರು 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಅಪೀಲು ಮಾಡಬಹುದು. ತಡವಾದರೆ ತಕ್ಕ ಕಾರಣ ತೋರಿಸಬೇಕು. ಮಂಡಳಿಯು ಹುಡುಗನನ್ನು ನಿರ್ದೋಷಿಯೆಂದು ಬಿಟ್ಟರೆ, 16 ತುಂಬಿದವನ ಮೇಲಿನ ಘೋರ ಅಪರಾಧದ ಆರೋಪವೊಂದನ್ನುಳಿದು, ಅದರ ಮೇಲೆ ಅಪೀಲಿಲ್ಲ.

ಅಪೀಲಿನಲ್ಲಿ ಸಾಧಾರಣವಾಗಿ ಸಾಕ್ಷಿಗಳು ಮತ್ತೆ ಬಂದು ನಿಲ್ಲುವುದಿಲ್ಲ. ಗಿರಣಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಇದು ಹೊಸತಲ್ಲ. ಆಳು ಬಾಗಿಲಿಗೆ ಬಂದುದನ್ನು ಕಂಡವನು ಹಾಜರಿ ಬರೆಯುವವನು, ದೊಡ್ಡ ಕಛೇರಿಯವರು ಕಾಣುವುದು ಹಾಜರಿ ಪುಸ್ತಕವನ್ನು ಮಾತ್ರ. ಆದುದರಿಂದಲೇ, ಸಾಕ್ಷಿಯನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕೆಂದು 1934ರಲ್ಲಿ ಪ್ರಿವಿ ಕೌನ್ಸಿಲ್ ಶಿಯೋ ಸ್ವರೂಪ್ ಮೊಕದ್ದಮೆಯಲ್ಲಿ ಹೇಳಿತು. 2007ರಲ್ಲಿ ಕರ್ನಾಟಕದಿಂದಲೇ ಹೋದ ಚಂದ್ರಪ್ಪ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪೀಲು ಕೋರ್ಟಿಗೆ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗಿ ನೋಡುವ ಪೂರ್ಣ ಅಧಿಕಾರವಿದೆಯೆಂದೂ, ಎರಡು ಅಭಿಪ್ರಾಯಗಳಿಗೆ ಎಡೆಯಿದ್ದರೆ ಬಿಡುಗಡೆಯನ್ನು ಕದಲಿಸಬಾರದೆಂದೂ ವಿವರಿಸಿತು. ಇವು ಮಕ್ಕಳ ಮೊಕದ್ದಮೆಗಳಲ್ಲದಿದ್ದರೂ ಇಲ್ಲಿನ ತತ್ವ ಒಂದೇ.

ಸಾಕ್ಷಿಯ ತಡವರಿಕೆ ಮೇಲಿನ ಕೋರ್ಟಿಗೆ ಕಾಣದು. ಆದರೆ ಕತ್ತಲೆಯಲ್ಲಿ ಗುರುತು ಹಿಡಿದೆನೆಂದವನು ಮೊದಲು ಬೇರೆ ಹೇಳಿದ್ದರೆ, ಅದು ಪಾಟೀಸವಾಲಿನಲ್ಲಿ ಹೊರಬಿದ್ದು ಬರಹಕ್ಕೆ ಇಳಿದಿದ್ದರೆ, ಅದು ಕಾಣುತ್ತದೆ. ಬರೆಯದೆ ಹೋದದ್ದು ಇಲ್ಲದಂತೆಯೇ. ಮಂಡಳಿಯ ಮುಂದೆ ಬರುವ ಬಹುಪಾಲು ಆರೋಪಗಳ ವಿಚಾರಣೆ ಸಂಕ್ಷಿಪ್ತ ಕ್ರಮದಲ್ಲೋ ಸಮನ್ಸ್ ಮೊಕದ್ದಮೆಯ ಕ್ರಮದಲ್ಲೋ ನಡೆಯುತ್ತದೆ. ಅಲ್ಲಿ ಸಾಕ್ಷ್ಯದ ಸಾರವನ್ನಷ್ಟೇ ಬರೆದುಕೊಳ್ಳುವುದು ವಾಡಿಕೆ. ಈ ಸಂಗತಿಯನ್ನು ಬಂಧುಗಳು ಮುಖ್ಯವಾಗಿ ಮನಸ್ಸಿನಲ್ಲಿಡಬೇಕು.

ಬರಹವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಗಾಲ್ಟ್ ಮೊಕದ್ದಮೆ ಸಾಕ್ಷಿ. 1964ರಲ್ಲಿ ಅರಿಝೋನಾದ 15 ವರ್ಷದ ಹುಡುಗನೊಬ್ಬನು ನೆರೆಯ ಹೆಂಗಸಿಗೆ ಫೋನಿನಲ್ಲಿ ಅಸಭ್ಯವಾಗಿ ಮಾತನಾಡಿದನೆಂದು ದೂರು. ದೂರಿತ್ತಾಕೆ ವಿಚಾರಣೆಗೆ ಬರಲೇ ಇಲ್ಲ. ನಡೆದುದನ್ನು ಯಾರೂ ಬರೆಯಲಿಲ್ಲ. ಹುಡುಗನು ಏನನ್ನು ಒಪ್ಪಿದನೆಂಬುದನ್ನು ಆಮೇಲೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ನೆನೆದರು. ಅಲ್ಲಿನ ಕಾಯಿದೆಯಲ್ಲಿ ಅಪೀಲೂ ಇರಲಿಲ್ಲ. 21 ವರ್ಷ ತುಂಬುವವರೆಗೆ ಅವನನ್ನು ಸುಧಾರಣಾ ಶಾಲೆಯಲ್ಲಿ ಇಡಬಹುದೆಂದು ಆಜ್ಞೆಯಾಯಿತು. ದೊಡ್ಡವರಿಗಾದರೆ ಹೆಚ್ಚೆಂದರೆ ಎರಡು ತಿಂಗಳ ಸೆರೆ! ವಕೀಲರನ್ನು ಇಟ್ಟುಕೊಳ್ಳುವ, ಸಾಕ್ಷಿಯನ್ನು ಎದುರಿನಲ್ಲೇ ಪ್ರಶ್ನಿಸುವ ಹಕ್ಕು ಮಕ್ಕಳಿಗೂ ಉಂಟೆಂದು 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಾರಿತು.

ಹಜೀರಾ, ಸೂರತ್ ಕಡೆಯ ನಮ್ಮವರಿಗೆ ಇನ್ನೊಂದು ತೊಡಕು ಭಾಷೆಯದು. ಸಾಕ್ಷಿ ಗುಜರಾತಿಯಲ್ಲಿ ಹೇಳಿದ್ದು ತಿಳಿಯದೆ ಹುಡುಗನು ತಲೆದೂಗಿದರೆ, ಅದು ತಪ್ಪೆಂದು ವಕೀಲರಿಗೆ ತಿಳಿಸುವವರಾರು? ಇದಕ್ಕೂ ಕಾಯಿದೆಯಲ್ಲಿ ದಾರಿಯಿದೆ. ಅಲ್ಲಿನ ಭಾಷೆ ಮಗುವಿಗೆ ತಿಳಿಯದಿದ್ದರೆ ಅಗತ್ಯವಿದ್ದಲ್ಲಿ ಮಂಡಳಿಯೇ ದುಭಾಷಿಯನ್ನು ಒದಗಿಸಬೇಕು. ಕಾನೂನು ಸೇವಾ ಸಂಸ್ಥೆಗಳ ಮೂಲಕ ವಕೀಲರ ನೆರವು ದೊರೆಯುವಂತೆಯೂ ನೋಡಿಕೊಳ್ಳಬೇಕು.

ಆದುದರಿಂದ ಬಂಧುಗಳೇ, ಮೊದಲ ದಿನವೇ ದುಭಾಷಿಯನ್ನು ಕೇಳಿರಿ. ಸಾಕ್ಷಿಯ ಮುಖ್ಯವಾದ ಉತ್ತರಗಳು ಬರಹದಲ್ಲಿ ಸೇರುವಂತೆ ನೋಡಿಕೊಳ್ಳಲು ವಕೀಲರಿಗೆ ಹೇಳಿರಿ. ಆಜ್ಞೆಯ ನಕಲನ್ನು ಪಡೆದು 30 ದಿನಗಳನ್ನು ಎಣಿಸಿರಿ. ಮೇಲಿನ ಕೋರ್ಟಿನ ಬಾಗಿಲು ತೆರೆದೇ ಇದೆ. ಅಲ್ಲಿಗೆ ಹುಡುಗನ ಪರವಾಗಿ ಹೋಗಿ ಮಾತನಾಡುವುದು ಇಲ್ಲಿ ಬರೆದಿಟ್ಟ ಕಾಗದವೇ.